6 ಲಕ್ಷ ಕಾಫಿ ಚೀಟಿಯಲ್ಲಿ 738 ಓದಿದರೆ ಸಾಕಾ? ಲೆಕ್ಕ ಗೊತ್ತಿರುವವರು ಹೇಳಿ

ಕಣದಲೆಕ್ಕ
ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯ ಕೆಲವು ಸಣ್ಣ ಬೆಳೆಗಾರರು. ಮುಚ್ಚಿಹೋದ ಖರೀದಿ ಅಂಗಡಿಗಳ ಹಳೇ ಬಿಲ್ ಪುಸ್ತಕಗಳನ್ನು ಒಟ್ಟು ಮಾಡಿದ್ದೇವೆ. ಎಲ್ಲಾ ಕಾರ್ಬನ್ ಪ್ರತಿಗಳು. ಪುಸ್ತಕ ಬಿಚ್ಚಿ, ಸ್ಕ್ಯಾನ್ ಮಾಡಿ, ಪ್ರತಿ ಚೀಟಿಗೂ ಕ್ರಮಸಂಖ್ಯೆ ಕೊಟ್ಟಾಗಿದೆ. ಒಟ್ಟು ಸುಮಾರು 6 ಲಕ್ಷ ಚೀಟಿ. ಪ್ರತಿಯೊಂದರಲ್ಲೂ ತಾರೀಖು, ಊರು, ಎಷ್ಟು ಚೀಲ, ತೂಕ, ಔಟ್‌ಟರ್ನ್ (ಒಣ ಕಾಫಿಯ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಅಳತೆ), ತೇವಕ್ಕೆ ಎಷ್ಟು ಕೆಜಿ ಮುರಿದುಕೊಂಡರು, ದರ ಎಷ್ಟು ಎಂದು ಬರೆದಿದೆ.

ನಮಗೆ ಮುಖ್ಯವಾಗಿ ಬೇಕಾಗಿರುವುದು ಒಂದೇ. ತೇವದ ಹೆಸರಲ್ಲಿ ತೂಕ ಮುರಿದ ಚೀಟಿ ನೂರಕ್ಕೆ ಎಷ್ಟು? ಮನೆಯಲ್ಲಿ ಎಲ್ಲರೂ ಒಂದೊಂದು ಅಂದಾಜು ಹೇಳುತ್ತಾರೆ, ಆಧಾರ ಯಾರ ಹತ್ತಿರವೂ ಇಲ್ಲ. ಬೆಂಗಳೂರಲ್ಲಿ ಓದುತ್ತಿರುವ ತಮ್ಮ, 'ಯಾದೃಚ್ಛಿಕವಾಗಿ, ಅಂದರೆ ಲಾಟರಿ ಎತ್ತಿದ ಹಾಗೆ, 738 ಚೀಟಿ ಎತ್ತಿ ಓದು, ಸಾಕು' ಎನ್ನುತ್ತಾನೆ. ದೊಡ್ಡಪ್ಪ 'ಹತ್ತರಲ್ಲೊಂದು ಪಾಲಾದರೂ ಓದದಿದ್ದರೆ ಯಾರೂ ನಂಬಲ್ಲ' ಎನ್ನುತ್ತಾರೆ. ಅಂದರೆ 60,000 ಚೀಟಿ. ಯಾರ ಮಾತು ಸರಿ?

ಸಂತೆದಿನ
738? ಸಾವಿರಕ್ಕೆ ಒಂದೂ ಕಾಲು ಚೀಟಿ ಕೂಡ ಆಗಲ್ಲ ಅದು. ನಿಮ್ಮ ದೊಡ್ಡಪ್ಪನವರದ್ದೇ ಸರಿ.

ಹಳೇರೈಟರ್
ನಾನು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಲೆಕ್ಕ ಅಂದರೆ ಪೂರ್ತಿ ಲೆಕ್ಕ. ಎಲ್ಲ ಚೀಟಿನೂ ಕಂಪ್ಯೂಟರ್‌ಗೆ ಹಾಕಿದರೆ ಕ್ಷಣದಲ್ಲಿ ಉತ್ತರ ಬರುತ್ತಲ್ಲ, ಇದಕ್ಕೆ ಇಷ್ಟು ಚರ್ಚೆ ಯಾಕೆ?

ಕೋಡುಕಾಫಿ
ಅಣ್ಣ, ಕಂಪ್ಯೂಟರ್‌ಗೆ ಹಾಕುವುದೇ ಕಷ್ಟ. ಕೈಬರಹದ ಕಾರ್ಬನ್ ಪ್ರತಿ ಅದು, ಮನುಷ್ಯರೇ ಕೂತು ಓದಬೇಕು. ಒಂದು ಚೀಟಿಗೆ ಒಂದು ನಿಮಿಷ ಅಂದರೂ 6 ಲಕ್ಷ ನಿಮಿಷ. ಅಂದರೆ 10,000 ಗಂಟೆ. ಒಬ್ಬರು ದಿನಕ್ಕೆ 8 ಗಂಟೆ ಕೂತರೆ 1,250 ದಿನ ಬೇಕು.

738 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ವಾಸಿಲಿ ಹೋಫ್ಡಿಂಗ್ ಎಂಬ ಸಂಖ್ಯಾಶಾಸ್ತ್ರಜ್ಞ 1963ರಲ್ಲಿ ಕೊಟ್ಟ ಅಸಮಾನತೆಯ, ಅಂದರೆ ತಪ್ಪುವ ಅಪಾಯ ಇಷ್ಟನ್ನು ಮೀರಲ್ಲ ಎಂದು ಹೇಳುವ ಸೂತ್ರದ, ಲೆಕ್ಕ ಅದು. ಎರಡು ವಿಷಯ ಮೊದಲು ನೀವೇ ತೀರ್ಮಾನ ಮಾಡಬೇಕು. ಉತ್ತರ ಎಷ್ಟು ಆಚೀಚೆ ಆದರೆ ನಡೆಯುತ್ತದೆ? ಆ ಮಿತಿಯನ್ನೂ ಮೀರಿ ತಪ್ಪುವ ಅಪಾಯ ಎಷ್ಟಿದ್ದರೆ ಒಪ್ಪುತ್ತೀರಿ? ನೂರಕ್ಕೆ 5 ಆಚೀಚೆ ಇರಲಿ, ಅಪಾಯವೂ ನೂರಕ್ಕೆ 5 ಇರಲಿ ಅಂದುಕೊಳ್ಳಿ. 2ನ್ನು ಅಪಾಯದಿಂದ, ಅಂದರೆ 0.05ರಿಂದ ಭಾಗಿಸಿ: 40. ಅದರ ನ್ಯಾಚುರಲ್ ಲಾಗ್ 3.689. ಇನ್ನೊಂದು ಕಡೆ, ಆಚೀಚೆಯ 0.05ನ್ನು ಅದರಿಂದಲೇ ಗುಣಿಸಿ ಎರಡರಷ್ಟು ಮಾಡಿ: 0.005. ಮೊದಲಿನದನ್ನು ಇದರಿಂದ ಭಾಗಿಸಿದರೆ 737.8. ಮೇಲಕ್ಕೆ ತೆಗೆದುಕೊಂಡರೆ 738.

ಇದರಲ್ಲಿ 6 ಲಕ್ಷ ಎಲ್ಲೂ ಬರಲೇ ಇಲ್ಲ, ಗಮನಿಸಿ. ಚೀಟಿ 60 ಸಾವಿರ ಇದ್ದರೂ 6 ಕೋಟಿ ಇದ್ದರೂ ಅದೇ 738.

ಸಂತೆದಿನ
ಅಲ್ಲೇ ನನಗೆ ನಂಬಿಕೆ ಬರದೇ ಇರುವುದು. 2011ರ ಜನಗಣತಿ ಪ್ರಕಾರ ಕೊಡಗಿನಲ್ಲಿ 5.54 ಲಕ್ಷ ಜನ, ಕರ್ನಾಟಕದಲ್ಲಿ 6.1 ಕೋಟಿ. ಎರಡಕ್ಕೂ ಅಷ್ಟೇ ಜನರನ್ನು ಕೇಳಿದರೆ ಸಾಕು ಅಂದರೆ ಹೇಗೆ ಒಪ್ಪುವುದು?

ಸಂಖ್ಯೆಮೇಷ್ಟ್ರು
ಒಪ್ಪಲೇಬೇಕು, ಸರ್. ಒಂದು ಚೀಟಿ ಎತ್ತಿದಾಗ ಅದರಲ್ಲಿ ತೇವದ ಕಡಿತ ಇರುವ ಸಾಧ್ಯತೆ ಎಷ್ಟು? ಒಟ್ಟು ರಾಶಿಯಲ್ಲಿ ಅಂಥ ಚೀಟಿಗಳ ಪಾಲು ಎಷ್ಟೋ ಅಷ್ಟೇ. ರಾಶಿ ದೊಡ್ಡದಾದರೆ ಆ ಪಾಲು ಬದಲಾಗಲ್ಲ. ಎತ್ತುವುದು ನಿಜಕ್ಕೂ ಯಾದೃಚ್ಛಿಕವಾಗಿದ್ದರೆ, ಮಾದರಿಯ ಪಾಲು ನಿಜವಾದ ಪಾಲಿನಿಂದ ಎಷ್ಟು ದೂರ ಹೋಗಬಹುದು ಎನ್ನುವುದು ಎಷ್ಟು ಚೀಟಿ ಎತ್ತಿದಿರಿ ಎನ್ನುವುದರ ಮೇಲೆ ನಿಂತಿದೆ. ಬಿಟ್ಟ ಚೀಟಿ ಎಷ್ಟು ಎನ್ನುವುದರ ಮೇಲೆ ಅಲ್ಲ.

ರಾಶಿ ತೀರಾ ಸಣ್ಣದಿದ್ದರೆ, ಉದಾಹರಣೆಗೆ ಒಟ್ಟು 1,000 ಚೀಟಿ ಇದ್ದು 738 ಓದಿದರೆ, ನಿಮಗೆ ಲಾಭವೇ ಜಾಸ್ತಿ. ಉಳಿದದ್ದೇ ಕಡಿಮೆಯಲ್ಲವಾ. ಎತ್ತಿದ ಚೀಟಿಯನ್ನು ವಾಪಸ್ ಹಾಕದೆ ಮುಂದಿನದು ಎತ್ತಿದರೂ ಇದೇ ಮಿತಿ ನಿಲ್ಲುತ್ತದೆ ಎಂದು ಹೋಫ್ಡಿಂಗ್ ಅದೇ ಪ್ರಬಂಧದಲ್ಲಿ ತೋರಿಸಿದ್ದಾರೆ.

ಆದರೆ 738 ಯಾಕೆ? ನಾನು ತರಗತಿಯಲ್ಲಿ ಹೇಳಿಕೊಡುವ ಲೆಕ್ಕದಲ್ಲಿ 385 ಸಾಕು. 1.96ರ (ಶೇ. 95 ಭರವಸೆಗೆ ಬಳಸುವ ಅಂಕಿ) ವರ್ಗ ಗುಣಿಸು 0.25, ಭಾಗಿಸು 0.0025. ಉತ್ತರ 384.16.

ಕೋಡುಕಾಫಿ
ಮೇಷ್ಟ್ರೇ, 385 ಬರುವುದು ಗಂಟೆಯಾಕಾರದ ವಕ್ರರೇಖೆಯನ್ನು ಅಂದಾಜಾಗಿ ಬಳಸಿದ್ದರಿಂದ. ಅದು 'ಹೆಚ್ಚುಕಡಿಮೆ ಶೇ. 95' ಎನ್ನುವ ಮಾತು. ಹೋಫ್ಡಿಂಗ್ ಹೇಳುವುದು ಖಚಿತ ಮಿತಿ. ಮೌಲ್ಯಗಳು (ಇಲ್ಲಿ ಕಡಿತ ಇದ್ದರೆ 1, ಇಲ್ಲದಿದ್ದರೆ 0) 0ಯಿಂದ 1ರ ಒಳಗಿದ್ದರೆ ಸಾಕು, ಒಳಗೆ ಹೇಗೆ ಹಂಚಿಕೊಂಡಿದ್ದರೂ ಭರವಸೆ ಕೆಡಲ್ಲ.

ಸಂಖ್ಯೆಮೇಷ್ಟ್ರು
ಹೌದು, ಅಂದಾಜೇ. ಆದರೆ ಹೌದು-ಇಲ್ಲ ಪ್ರಶ್ನೆಗೆ, ಅದೂ ನೂರಾರು ಚೀಟಿ ಇರುವಾಗ, ಒಳ್ಳೆಯ ಅಂದಾಜು. ಕೂತು ಓದುವವರು ಮನೆಯ ಮಕ್ಕಳು, ಅವರ ಸಮಯಕ್ಕೂ ಬೆಲೆ ಇದೆ. ಇಬ್ಬರಿಗೂ ಒಪ್ಪಿಗೆಯಾಗುವ ದಾರಿಯೂ ಇದೆ. ಓದಿದ ಮೇಲೆ ಉತ್ತರ ಹೇಳುವಾಗ ಕ್ಲಾಪರ್ ಮತ್ತು ಪಿಯರ್ಸನ್ 1934ರಲ್ಲಿ ಕೊಟ್ಟ ನಿಖರ ಮಿತಿ ಹಾಕಿ. ಅದು ನೇರವಾಗಿ ದ್ವಿಪದ ಹಂಚಿಕೆಯಿಂದ (ಎತ್ತಿದ್ದರಲ್ಲಿ ಎಷ್ಟು 'ಹೌದು' ಬರಬಹುದು ಎಂಬ ಲೆಕ್ಕದಿಂದ) ಬರುತ್ತದೆ, ಅಂದಾಜು ಇಲ್ಲ.

ಕೋಡುಕಾಫಿ
ಉತ್ತರ ಹೇಳುವಾಗ ಕ್ಲಾಪರ್-ಪಿಯರ್ಸನ್ ಹಾಕುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಎಷ್ಟು ಓದಬೇಕು ಅಂತ ಮುಂಚೆ ನಿರ್ಧರಿಸುವಾಗ ಹೋಫ್ಡಿಂಗ್ ಬಿಡಬೇಡಿ. ಈ ಚೀಟಿಗಳ ಲೆಕ್ಕವನ್ನು ನಾಳೆ ಖರೀದಿದಾರರು ಪ್ರಶ್ನೆ ಮಾಡೇ ಮಾಡುತ್ತಾರೆ. ಆಗ 'ಅಂದಾಜು' ಎನ್ನುವ ಮಾತೇ ನಮ್ಮ ಕಡೆಯಿಂದ ಬರಬಾರದು.

ಏಲಕ್ಕಿಮಲೆ
ಎಷ್ಟು ಖಚಿತ ಬೇಕೋ ಅಷ್ಟು ಜಾಸ್ತಿ ಓದಬೇಕು ಅಂತಾಯಿತು. ನೂರಕ್ಕೆ 99 ಖಚಿತ ಬೇಕು ಅಂದರೆ ಐದು ಪಟ್ಟು ಆಗುತ್ತಾ?

ಕೋಡುಕಾಫಿ
ಇಲ್ಲ ಅಕ್ಕ, ಇಲ್ಲೇ ಇದರ ಸೊಗಸು ಇರುವುದು. ಶೇ. 99ಕ್ಕೆ 1,060 ಸಾಕು. ಶೇ. 99.9ಕ್ಕೂ 1,521 ಅಷ್ಟೇ. ಅಪಾಯದ ಅಂಕಿ ಲಾಗ್ ಒಳಗೆ ಇರುವುದರಿಂದ ಖಚಿತತೆ ತುಂಬಾ ಅಗ್ಗ. ಹಳೆಯ ಚೆಬಿಶೆವ್ ಅಸಮಾನತೆ ಹಿಡಿದರೆ ಶೇ. 95ಕ್ಕೆ 2,000, ಶೇ. 99ಕ್ಕೆ 10,000 ಚೀಟಿ ಬೇಕಾಗುತ್ತಿತ್ತು. ಆ ಲೆಕ್ಕದಲ್ಲಿ ನೀವು ಹೇಳಿದ ಐದು ಪಟ್ಟು ಸರಿಯಾಗಿ ಬರುತ್ತದೆ.

ದುಬಾರಿ ಆಗುವುದು ಆಚೀಚೆಯನ್ನು ಕಡಿಮೆ ಮಾಡಲು ಹೋದಾಗ. 5ರ ಬದಲು ಎರಡೂವರೆ ಬೇಕು ಅಂದರೆ ನಾಲ್ಕು ಪಟ್ಟು, ಸುಮಾರು 2,950. ನೂರಕ್ಕೆ 1 ಬೇಕು ಅಂದರೆ 18,445.

ಗದ್ದೆಬದಿ
ಲೆಕ್ಕ ಎಲ್ಲ ಚೆನ್ನಾಗಿದೆ. ನೆಲದ ಮೇಲೆ ಏನಾಗುತ್ತದೆ ಅಂತ ನಾನು ನೋಡಿದ್ದನ್ನು ಹೇಳುತ್ತೇನೆ. ನಮ್ಮೂರಲ್ಲಿ ಭತ್ತದ ಬೆಳೆ ಕಟಾವು ಪ್ರಯೋಗ ಇತ್ತು, ಇಳುವರಿ ಅಳೆದು ಬೆಳೆ ನಷ್ಟದ ಪರಿಹಾರ ತೀರ್ಮಾನಿಸಲು. ಚೀಟಿಯಲ್ಲಿ ಬಂದ ಸರ್ವೆ ನಂಬರಿನ ಗದ್ದೆಗೆ ಹೋಗಿ, ಐದು ಮೀಟರ್ ಉದ್ದ ಐದು ಮೀಟರ್ ಅಗಲ ಹಗ್ಗ ಹಿಡಿದು, ಅಷ್ಟನ್ನು ಕೊಯ್ದು ಬಡಿದು ತೂಗಬೇಕು. ಬಂದ ನಂಬರ್ ತೋಡಿನ ಆಚೆ ಇತ್ತು. ಕಾಲುಸೇತುವೆ ಇಲ್ಲ, ಮೊಣಕಾಲುದ್ದ ನೀರು. ಬಂದವರು ಗಡಿಯಾರ ನೋಡಿ 'ಇಲ್ಲೇ ರಸ್ತೆ ಪಕ್ಕದ್ದು ಮಾಡಿಬಿಡೋಣ' ಅಂದರು. ರಸ್ತೆ ಪಕ್ಕದ ಗದ್ದೆಗೆ ಗೊಬ್ಬರ ಸಲೀಸಾಗಿ ಬರುತ್ತದೆ, ಕಾಡು ಹಂದಿ ಕಾಟವೂ ಕಡಿಮೆ. ತೋಡಿನ ಆಚೆಯ ಗದ್ದೆಯಲ್ಲಿ ಅರ್ಧ ಬೆಳೆ ಹಂದಿ ಪಾಲಾಗಿತ್ತು. ಇಳುವರಿ ಚೆನ್ನಾಗಿದೆ ಅಂತ ಕಾಗದಕ್ಕೆ ಹೋಯಿತು, ಪರಿಹಾರ ಬರಲಿಲ್ಲ.

ನಂಬರ್ ಎತ್ತಿದ ಮೇಲೆ ಅದನ್ನು ಬಿಟ್ಟು ಪಕ್ಕದ್ದು ತಗೊಂಡರೆ ನಿಮ್ಮ ಹೋಫ್ಡಿಂಗ್ ಏನೂ ಮಾಡಲಾರ.

ಸಂಖ್ಯೆಮೇಷ್ಟ್ರು
ಇದಕ್ಕಿಂತ ಮುಖ್ಯವಾದ ಮಾತು ಈ ಚರ್ಚೆಯಲ್ಲಿ ಇನ್ನೊಂದಿಲ್ಲ. ಭರವಸೆ ಪೂರ್ತಿ ನಿಂತಿರುವುದು ಎತ್ತುವ ರೀತಿಯ ಮೇಲೆ. ನಮ್ಮ ದೇಶದಲ್ಲಿ ಇದನ್ನು ಗಟ್ಟಿಯಾಗಿ ತಂದವರು ಪಿ.ಸಿ. ಮಹಲನೋಬಿಸ್. ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಳೆದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಅವರು ಹುಟ್ಟಿದ ಜೂನ್ 29 ಈಗ ಸಂಖ್ಯಾಶಾಸ್ತ್ರ ದಿನ.

ನೆರಳುಮರ
ಅಷ್ಟೆಲ್ಲ ಯಾಕೆ? ಕ್ರಮಸಂಖ್ಯೆ ಇದೆಯಲ್ಲ. ಪ್ರತಿ 800ನೇ ಚೀಟಿ ಎತ್ತಿ. 750 ಸಿಗುತ್ತದೆ. ಸುಲಭ.

ಹಳೇರೈಟರ್
ಅದು ಬೇಡ ತಮ್ಮಾ. ಬಿಲ್ ಪುಸ್ತಕದಲ್ಲಿ 100 ಹಾಳೆ. 800 ಅಂದರೆ ಸರಿಯಾಗಿ ಎಂಟು ಪುಸ್ತಕ. ಪ್ರತಿ ಸಲವೂ ಪುಸ್ತಕದ ಅದೇ ಜಾಗದ ಹಾಳೆ ನಿಮ್ಮ ಕೈಗೆ ಬರುತ್ತದೆ. ಕಾರ್ಬನ್ ಹಾಳೆಯನ್ನು ಪುಸ್ತಕಕ್ಕೆ ಒಂದು ಅಂತ ಬದಲಿಸುತ್ತಿದ್ದೆವು. ಹಾಗಾಗಿ ಮೊದಲ ಹಾಳೆಗಳು ಗಾಢ, ಕೊನೆಯವು ಮಸುಕು. ಕೊನೆ ಹಾಳೆಗಳಲ್ಲಿ ಕೆಲವೊಮ್ಮೆ ಹಿಂದಿನ ದಿನದ ಬಾಕಿ ಸರಿಪಡಿಸಿ ಬರೆಯುವುದೂ ಇತ್ತು. ಒಂದೇ ಜಾಗದ ಹಾಳೆ ನೋಡಿದರೆ ಪುಸ್ತಕ ನೋಡಿದ ಹಾಗೆ ಆಗಲ್ಲ.

ಕಣದಲೆಕ್ಕ
ಸರ್, ಇದು ನಮಗೆ ಹೊಳೆದೇ ಇರಲಿಲ್ಲ. ಹಾಗಾದರೆ ಕೆಲವು ಪುಸ್ತಕಗಳನ್ನು ಎತ್ತಿ ಆ ಪುಸ್ತಕ ಪೂರ್ತಿ ಓದಿದರೆ? ಸ್ಕ್ಯಾನ್ ಕಡತ ಹುಡುಕುವ ಕೆಲಸ ಉಳಿಯುತ್ತದೆ.

ಕೋಡುಕಾಫಿ
ಅದೂ ಬೇಡ. ಒಂದು ಪುಸ್ತಕದ ನೂರು ಚೀಟಿ ಒಂದೇ ಅಂಗಡಿ, ಒಂದೇ ವಾರ, ಒಂದೇ ಹವೆ. ಆ ವಾರ ಮಳೆ ಬಂದು ಕಣದಲ್ಲಿದ್ದ ಕಾಫಿ ನೆಂದಿದ್ದರೆ ನೂರರಲ್ಲೂ ತೇವದ ಕಡಿತ ಇರುತ್ತದೆ. ಎಂಟು ಪುಸ್ತಕ ಓದಿದರೆ 800 ಚೀಟಿ ಓದಿದ ಬಲ ಬರಲ್ಲ. ಹೆಚ್ಚುಕಡಿಮೆ ಎಂಟು ಚೀಟಿ ಓದಿದ ಬಲವೇ ಬರಬಹುದು.

ಗೂಡಂಗಡಿ
ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅಂತಾರಲ್ಲ, ಅದೇ ಇದು. ಎಷ್ಟು ಉದ್ದ ಎಳೆಯುತ್ತಿದ್ದೀರಿ!

ಏಲಕ್ಕಿಮಲೆ
ಅದು ಒಂದೇ ಪಾತ್ರೆ, ಒಂದೇ ಬೆಂಕಿ, ಸರಿ. ಕಾಫಿ ಚೀಲ ಹಾಗಲ್ಲ. ಖರೀದಿಗೆ ಬಂದವರು ಚೂಪು ಕೊಳವೆಯನ್ನು ಚೀಲದ ಬಾಯಿ ಹತ್ತಿರ ಚುಚ್ಚಿ ಮಾದರಿ ತೆಗೆದದ್ದನ್ನು ನಾನೇ ನೋಡಿದ್ದೇನೆ. ರಾತ್ರಿ ಶೆಡ್ಡಿನಲ್ಲಿಟ್ಟ ಚೀಲದ ಮೇಲ್ಪದರ ಮಂಜಿನ ತೇವ ಎಳೆದುಕೊಂಡಿರುತ್ತದೆ. ಮಧ್ಯದಲ್ಲಿ ಕಾಫಿ ಒಣಗಿ ಗಲಗಲ ಅನ್ನುತ್ತಿರುತ್ತದೆ. ಕೊಳವೆಯಲ್ಲಿ ಬಂದ ಒಂದು ಹಿಡಿಯ ಮೇಲೆ ಇಡೀ ಲೋಡಿಗೆ ತೇವ ಅಂತ ಮುರಿದುಕೊಂಡು ಹೋದರು. 'ಕೆಳಗಿಂದಲೂ ತೆಗೀರಿ' ಅಂದರೆ 'ನಮ್ಮ ಪದ್ಧತಿ ಇದೇ' ಎಂಬ ಉತ್ತರ ಬಂತು. ಈ ಚೀಟಿಗಳ ಕೆಲಸ ಆಗಲೇಬೇಕು ಅಂತ ನಾನು ಹೇಳುವುದು ಅದಕ್ಕೇ.

ಸಂತೆದಿನ
ಇದಂತೂ ನೂರಕ್ಕೆ ನೂರು ನಿಜ. ಗೋಣಿಕೊಪ್ಪ ಕಡೆಯೂ ಹೀಗೇ ಆಗಿದೆ.

ಕರಿಮೆಣಸು
ಮೆಣಸಿಗೂ ಇದೇ ಗೋಳು. ಲೀಟರ್ ತೂಕ ನೋಡುವಾಗ ಮೇಲಿನ ಜೊಳ್ಳು ಕಾಳನ್ನೇ ಅಳತೆ ಡಬ್ಬಕ್ಕೆ ತುಂಬುತ್ತಾರೆ. ಸಾಗಿಸುವಾಗ ಅಲುಗಾಡಿ ಭಾರದ ಕಾಳು ಕೆಳಗೆ ಇಳಿದಿರುತ್ತದೆ, ಹಗುರ ಮೇಲೆ.

ಕಣದಲೆಕ್ಕ
ಇನ್ನೊಂದು ಪ್ರಶ್ನೆ. ಕೊಡಗು ಒಟ್ಟಿಗೆ ಒಂದು ಸಂಖ್ಯೆ ಸಿಕ್ಕರೆ ಸಾಲದು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ, ಪೊನ್ನಂಪೇಟೆ, ಐದೂ ತಾಲ್ಲೂಕಿಗೆ ಬೇರೆ ಬೇರೆ ಬೇಕು. ಪುಸ್ತಕದ ಮೇಲೆ ಊರಿನ ಹೆಸರು ಇರುವುದರಿಂದ ಮೊದಲೇ ಬೇರ್ಪಡಿಸಬಹುದು. 738ನ್ನೇ ಐದು ಪಾಲು ಮಾಡಿದರೆ ಆಗುತ್ತಾ?

ಸಂಖ್ಯೆಮೇಷ್ಟ್ರು
ಆಗಲ್ಲ. ಪಾಲು ಮಾಡಿದರೆ ಒಂದೊಂದು ತಾಲ್ಲೂಕಿಗೆ 147-148 ಚೀಟಿ, ಆಚೀಚೆ ನೂರಕ್ಕೆ 11ರ ಮೇಲೆ ಹೋಗುತ್ತದೆ. ಪ್ರತಿ ತಾಲ್ಲೂಕಿಗೂ ನೂರಕ್ಕೆ 5ರ ಒಳಗೆ ಬೇಕಾದರೆ ಪ್ರತಿ ತಾಲ್ಲೂಕಿಗೂ ಪೂರ್ತಿ ಮಾದರಿ ಬೇಕು. ಅದೂ 738 ಸಾಲದು. ಐದು ಉತ್ತರಗಳಲ್ಲಿ ಒಂದಾದರೂ ತಪ್ಪುವ ಅಪಾಯ ಕೂಡುತ್ತಾ ಹೋಗುತ್ತದೆ. ಬೂಲ್ ಹೆಸರಿನ ಸರಳ ನಿಯಮ ಇದೆ: ಯಾವುದಾದರೂ ಒಂದು ತಪ್ಪುವ ಅಪಾಯ, ಬಿಡಿ ಅಪಾಯಗಳ ಮೊತ್ತಕ್ಕಿಂತ ಹೆಚ್ಚಿರಲ್ಲ. ಒಟ್ಟು ಶೇ. 5 ಬೇಕಾದರೆ ಒಂದೊಂದಕ್ಕೆ ಶೇ. 1 ಇಡಿ. ಆಗ ಒಂದು ತಾಲ್ಲೂಕಿಗೆ 1,060. ಐದಕ್ಕೆ 5,300.

ಕೋಡುಕಾಫಿ
5,300 ನಿಮಿಷ ಅಂದರೆ 88 ಗಂಟೆ. 10,000 ಗಂಟೆ ಎಲ್ಲಿ, 88 ಎಲ್ಲಿ! ಪ್ರತಿ ಚೀಟಿಯನ್ನೂ ಇಬ್ಬರು ಬೇರೆಬೇರೆಯಾಗಿ ಓದಿ, ಹೊಂದಿಸಿ ನೋಡಬಹುದು. 60,000 ಚೀಟಿಯನ್ನು ಸುಸ್ತಾಗಿ ಓದಿದರೆ 1 ಇದ್ದದ್ದು 7 ಆಗುತ್ತದೆ. ಆ ತಪ್ಪು ಯಾವ ಸೂತ್ರದಲ್ಲೂ ಸಿಗಲ್ಲ.

ಆದರೆ ಕೊಡಗು ಒಟ್ಟಿನ ಸಂಖ್ಯೆ ಹೇಳುವಾಗ ಐದರ ಸರಾಸರಿ ಸುಮ್ನೆ ತೆಗೆಯಬೇಡಿ. ಯಾವ ತಾಲ್ಲೂಕಿನಲ್ಲಿ ಎಷ್ಟು ಚೀಟಿ ಇದೆಯೋ ಆ ತೂಕ ಕೊಟ್ಟು ಸೇರಿಸಿ.

ಸಂತೆದಿನ
ತಿದ್ದಿದ ಚೀಟಿಗಳ ವಿಷಯ ಏನು? ತೂಕದ ಅಂಕಿ ಮೇಲೆ ಇನ್ನೊಂದು ಅಂಕಿ ಬರೆದದ್ದು ಇದ್ದೇ ಇರುತ್ತದೆ. ಸಾವಿರಕ್ಕೆ ಒಂದು ಇರಬಹುದು. ಅದು ನಿಮ್ಮ ಮಾದರಿಯಲ್ಲಿ ಸಿಗುತ್ತಾ?

ಸಂಖ್ಯೆಮೇಷ್ಟ್ರು
ಒಳ್ಳೆಯ ಪ್ರಶ್ನೆ. ಸಾವಿರಕ್ಕೆ ಒಂದೇ ಇದ್ದರೆ 738ರಲ್ಲಿ ಒಂದೂ ಸಿಗದಿರುವ ಸಾಧ್ಯತೆ ಸುಮಾರು ಶೇ. 48. ಸಿಗದಿದ್ದರೆ 'ಇಲ್ಲವೇ ಇಲ್ಲ' ಅಂತ ಬರೆಯುವ ಹಾಗಿಲ್ಲ. ಮೂರರ ನಿಯಮ ಅಂತ ಒಂದಿದೆ: ಒಂದೂ ಸಿಗದಿದ್ದರೆ 3ನ್ನು ಓದಿದ ಸಂಖ್ಯೆಯಿಂದ ಭಾಗಿಸಿ, ಶೇ. 95 ಭರವಸೆಯಲ್ಲಿ ನಿಜವಾದ ಪಾಲು ಅದಕ್ಕಿಂತ ಹೆಚ್ಚಿಲ್ಲ ಅನ್ನಬಹುದು. 738ಕ್ಕೆ ಅದು ಶೇ. 0.4. ಕೇಳಲು ಸಣ್ಣದು, ಆದರೆ 6 ಲಕ್ಷದಲ್ಲಿ ಅದು 2,400 ಚೀಟಿ. ಅಪರೂಪದ್ದನ್ನು ಹುಡುಕಲು ಈ ಮಾದರಿ ಸರಿಯಾದ ದಾರಿ ಅಲ್ಲ. ಅದಕ್ಕೆ ಬೇರೆ ಹುಡುಕಾಟವೇ ಬೇಕು.

ಕರಿಮೆಣಸು
ಒಟ್ಟು ಎಷ್ಟು ಕೆಜಿ ಮುರಿದರು ಅಂತಲೂ ಹೇಳಿದರೆ ಜನಕ್ಕೆ ಬೇಗ ತಾಗುತ್ತದೆ. ಮಾದರಿಯ ಸರಾಸರಿ ತಗೊಂಡು 6 ಲಕ್ಷದಿಂದ ಗುಣಿಸಿ ಬಿಡಿ.

ಕೋಡುಕಾಫಿ
ನಿಧಾನ ಅಣ್ಣ, ಇಲ್ಲಿ ಜಾರಬಾರದು. ಹೋಫ್ಡಿಂಗ್ ಭರವಸೆ ಮೌಲ್ಯಗಳ ಹರವಿನ, ಅಂದರೆ ಅತಿ ಕಡಿಮೆಗೂ ಅತಿ ಹೆಚ್ಚಿಗೂ ಇರುವ ಅಂತರದ, ಮೇಲೆ ಅಳೆಯುವಂಥದ್ದು. ಹೌದು-ಇಲ್ಲ ಪ್ರಶ್ನೆಗೆ ಹರವು 0-1. ಚೀಟಿಯ ತೂಕಕ್ಕೆ ಹಾಗಲ್ಲ. ಒಬ್ಬರು ಒಂದು ಚೀಲ ತರುತ್ತಾರೆ, ಇನ್ನೊಬ್ಬರು ಲಾರಿಗಟ್ಟಲೆ. ಹರವು 10,000 ಕೆಜಿ ಆದರೆ ಅದರ ಶೇ. 5 ಅಂದರೆ ಒಂದು ಚೀಟಿಗೆ 500 ಕೆಜಿ ಆಚೀಚೆ. 50 ಕೆಜಿ ಚೀಲ ಮಾರಿದವನ ಲೆಕ್ಕಕ್ಕೆ ಅದರಿಂದ ಏನು ಪ್ರಯೋಜನ?

ಎರಡು ದಾರಿ ಇದೆ. ದೊಡ್ಡ ತೋಟಗಳ ಪುಸ್ತಕ ಬೇರೆ ಇದ್ದರೆ ಅವನ್ನು ಪೂರ್ತಿ ಓದಿ, ಸಣ್ಣವರದ್ದು ಮಾತ್ರ ಮಾದರಿ ಎತ್ತಿ. ಇಲ್ಲವಾದರೆ 'ಒಂದು ಚೀಲಕ್ಕೆ ಎಷ್ಟು ಕೆಜಿ ಮುರಿದರು' ಅಂತ ಕೇಳಿ. ಅದು 0ಯಿಂದ ಕೆಲವೇ ಕೆಜಿ ಒಳಗೆ ಇರುತ್ತದೆ, ಹರವು ಸಣ್ಣದು, ಮಿತಿ ಬಿಗಿ.

ಕಣದಲೆಕ್ಕ
ದೊಡ್ಡ ತೋಟಗಳದ್ದು ಬೇರೆ ಪುಸ್ತಕವೇ ಇದೆ, ಕೆಂಪು ರಟ್ಟಿನದು. ತುಂಬಾ ಇಲ್ಲ. ಪೂರ್ತಿ ಓದುತ್ತೇವೆ.

ಮಳೆಪುಸ್ತಕ
ನನ್ನ ಹತ್ತಿರ ತಂದೆಯವರ ಕಾಲದಿಂದ ಬರೆದ ಮಳೆ ಲೆಕ್ಕ ಇದೆ, ಇಂಚು-ಸೆಂಟ್‌ನಲ್ಲಿ. ದಿನಾ ಬೆಳಿಗ್ಗೆ ಮಾಪಕ ನೋಡಿ ಬರೆದದ್ದು. ಇದಕ್ಕೂ ಹೀಗೇ ಕೆಲವು ದಿನ ಎತ್ತಿ ವರ್ಷದ ಮಳೆ ಹೇಳಬಹುದಾ?

ಗದ್ದೆಬದಿ
ಎತ್ತಿದ ದಿನಗಳೆಲ್ಲ ಜನವರಿಯವೇ ಆದರೆ ಕೊಡಗಲ್ಲಿ ಮಳೆಯೇ ಇಲ್ಲ ಅಂತ ಬರುತ್ತದಲ್ಲ!

ಸಂಖ್ಯೆಮೇಷ್ಟ್ರು
ಮಳೆಗೆ ಬೇಡ ಸರ್. 50 ವರ್ಷ ಅಂದರೂ ಸುಮಾರು 18,000 ಸಾಲು, ಅದರಲ್ಲಿ ಬೇಸಿಗೆಯ ಸಾಲುಗಳು ಹೆಚ್ಚಾಗಿ ಸೊನ್ನೆ. ಪೂರ್ತಿ ಟೈಪ್ ಮಾಡಿಬಿಡಿ. ಕೊಡಗಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವಂಥದ್ದು, ಅದರಲ್ಲೂ ಕೆಲವೇ ದಿನಗಳ ಪಾಲು ಜಾಸ್ತಿ. 2018ರ ಆಗಸ್ಟ್ ನೆನಪಿಸಿಕೊಳ್ಳಿ. ಗುಡ್ಡ ಕುಸಿದ ಆ ಕೆಲವು ದಿನಗಳು ನಿಮ್ಮ ಮಾದರಿಯಲ್ಲಿ ತಪ್ಪಿದರೆ ಆ ವರ್ಷದ ಕಥೆಯೇ ತಪ್ಪಿದಂತೆ. ಅತಿ ಹೆಚ್ಚು ಎಷ್ಟು ಎಂಬ ಪ್ರಶ್ನೆಗೆ ಮಾದರಿ ಉತ್ತರ ಕೊಡಲ್ಲ.

ನೆರಳುಮರ
ಆ ಪುಸ್ತಕದಲ್ಲಿ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ತಾರೀಖು ಹುಡುಕಿ ಹಾಕಿ ಸರ್. ಫೆಬ್ರವರಿ-ಮಾರ್ಚ್‌ದು. ಹೂಮಳೆ ಆದಮೇಲೆ ಬ್ಯಾಕಿಂಗ್ ಮಳೆಗೆ (ಆ ಹೂ ಕಾಯಿ ಕಟ್ಟಲು ಬೇಕಾದ ಮುಂದಿನ ಮಳೆಗೆ) ಎಷ್ಟು ದಿನ ಆಯಿತು ಅಂತಲೂ ಬೇಕು. ನಮಗೆ ಅದೇ ಮುಖ್ಯ.

ಮಳೆಪುಸ್ತಕ
ಹಾಕುತ್ತೇನೆ. ಭಾಗಮಂಡಲ ಕಡೆಯವರ ಪುಸ್ತಕ ಇದ್ದರೆ ಅದೂ ಬೇಕು. ಅಲ್ಲಿನ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. 'ಕೊಡಗಿನ ಸರಾಸರಿ ಮಳೆ' ಅಂತ ಒಂದು ಅಂಕಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಳೇರೈಟರ್
ಚೀಟಿ ವಿಷಯಕ್ಕೆ ಬನ್ನಿ. ಗೆದ್ದಲು ತಿಂದದ್ದು, ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದು, ಕಾರ್ಬನ್ ಅಳಿಸಿದ್ದು ಎಷ್ಟೋ ಇರುತ್ತದೆ. ಎತ್ತಿದ ಚೀಟಿ ಓದಲು ಬರದಿದ್ದರೆ ಏನು ಮಾಡುತ್ತೀರಿ? ಪಕ್ಕದ್ದು ತಗೊಳ್ಳುತ್ತೀರಾ?

ಕೋಡುಕಾಫಿ
ಪಕ್ಕದ್ದು ಖಂಡಿತ ಬೇಡ. ಬೂಷ್ಟು ಹಿಡಿದ ಚೀಟಿ ಎಂದರೆ ತೇವ ಜಾಸ್ತಿ ಇದ್ದ ವರ್ಷದ್ದು ಇರಬಹುದು. ಅಂಥವನ್ನೇ ಬಿಟ್ಟರೆ ನಮಗೆ ಬೇಕಾದ ಉತ್ತರವೇ ಒಂದು ಕಡೆ ವಾಲುತ್ತದೆ. 'ಓದಲಾಗಲಿಲ್ಲ' ಅಂತ ಬೇರೆ ಕಾಲಂ ಇಡಿ. 1,060ರಲ್ಲಿ 60 ಓದಲಾಗದಿದ್ದರೆ, ಆ ಅರವತ್ತರಲ್ಲೂ ಕಡಿತ ಇತ್ತು ಅಂತ ಒಂದು ಲೆಕ್ಕ, ಒಂದರಲ್ಲೂ ಇರಲಿಲ್ಲ ಅಂತ ಇನ್ನೊಂದು ಲೆಕ್ಕ. ಎರಡನ್ನೂ ಬರೆಯಿರಿ, ಅದರ ಮೇಲೆ ಹೋಫ್ಡಿಂಗ್ ಆಚೀಚೆ ಸೇರಿಸಿ.

ಸಂಖ್ಯೆಮೇಷ್ಟ್ರು
ಇದಕ್ಕೆ ಹಳೆಯ ಉದಾಹರಣೆ ಇದೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತು. 20 ಲಕ್ಷಕ್ಕಿಂತ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರಿ ಅಂತರದಿಂದ. ವಿಳಾಸಗಳನ್ನು ಆರಿಸಿದ್ದು ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ. ಉತ್ತರ ಬರೆದವರು ಇಷ್ಟಪಟ್ಟು ಬರೆದವರು ಮಾತ್ರ. ಸಂತೆದಿನ ಅವರಿಗೆ ಇದೇ ನನ್ನ ಉತ್ತರ: 20 ಲಕ್ಷ ಇದ್ದೂ ತಪ್ಪಿತು.

ಸಂತೆದಿನ
ಅಂದರೆ 60,000 ಓದಿದರೂ ಎತ್ತುವ ರೀತಿ ಕೆಟ್ಟರೆ ಪ್ರಯೋಜನ ಇಲ್ಲ, ಅಲ್ವಾ. ಆದರೂ ಊರಿನವರ ಮುಂದೆ 'ಸಾವಿರದ ಅರವತ್ತು ಓದಿದೆವು' ಅಂದರೆ ಸಣ್ಣದಾಗಿ ಕೇಳುತ್ತದೆ. ಅದಕ್ಕೂ ಒಂದು ದಾರಿ ನೋಡಿ.

ಏಲಕ್ಕಿಮಲೆ
ಊರಿನವರ ಮುಂದೆಯೇ ಎತ್ತಿ! ಪಂಚಾಯಿತಿ ಕಟ್ಟೆಯಲ್ಲಿ ಕೂತು, ಖರೀದಿದಾರರನ್ನೂ ಕರೆದು, ಎಲ್ಲರೆದುರು ಸಂಖ್ಯೆ ಎತ್ತಿದರೆ ಯಾರು ಬಾಯಿ ತೆರೆಯುತ್ತಾರೆ?

ಕೋಡುಕಾಫಿ
ತುಂಬಾ ಒಳ್ಳೆಯ ಮಾತು ಅಕ್ಕ. 5,300 ಸಂಖ್ಯೆ ಕೈಯಲ್ಲಿ ಎತ್ತಲು ಆಗಲ್ಲ. ಆದರೆ ಆರಂಭದ ಬೀಜ ಸಂಖ್ಯೆಯನ್ನು ಎಲ್ಲರೆದುರು ಎತ್ತಬಹುದು. ಹತ್ತು ಮಂದಿ ಒಂದೊಂದು ಅಂಕಿ ಚೀಟಿಯಲ್ಲಿ ಎತ್ತಲಿ. ಆ ಹತ್ತು ಅಂಕಿಯನ್ನು ಪ್ರೋಗ್ರಾಮಿಗೆ ಕೊಟ್ಟರೆ ಉಳಿದ ಪಟ್ಟಿ ಅದೇ ಕೊಡುತ್ತದೆ. ಯಾರು ಬೇಕಾದರೂ ಮನೆಯಲ್ಲಿ ಅದೇ ಬೀಜ ಹಾಕಿ ಅದೇ ಪಟ್ಟಿ ಬರುತ್ತಾ ಅಂತ ನೋಡಬಹುದು.

ಕಣದಲೆಕ್ಕ
ಇನ್ನೂ ಕೆಲವು ಪೆಟ್ಟಿಗೆ ಬರುವುದಿದೆ, ನಾಪೋಕ್ಲು ಕಡೆಯಿಂದ. ಒಟ್ಟು ಎಷ್ಟು ಅಂತ ಈಗ ಗೊತ್ತಿಲ್ಲ. ಎಲ್ಲ ಬರುವವರೆಗೂ ಕಾಯಬೇಕಾ?

ಕೋಡುಕಾಫಿ
ಬೇಕಿಲ್ಲ. ಒಟ್ಟು ಗೊತ್ತಿಲ್ಲದೆಯೂ ಎತ್ತುವ ವಿಧಾನ ಇದೆ, ರಿಸರ್ವಾಯರ್ ಸ್ಯಾಂಪ್ಲಿಂಗ್. ಜೆಫ್ರಿ ವಿಟರ್ 1985ರಲ್ಲಿ ಇದರ ವೇಗದ ರೂಪ ಕೊಟ್ಟರು. ಸರಳ ರೂಪ ಹೀಗೆ. ಒಂದು ತಾಲ್ಲೂಕಿನ ಮೊದಲ 1,060 ಚೀಟಿಯನ್ನು 1ರಿಂದ 1,060ರವರೆಗಿನ ಜಾಗಗಳಲ್ಲಿ ಇಡಿ. ಮುಂದೆ, ಉದಾಹರಣೆಗೆ 5,000ನೇ ಚೀಟಿ ಬಂದಾಗ 1ರಿಂದ 5,000ರ ಒಳಗೆ ಒಂದು ಸಂಖ್ಯೆ ಯಾದೃಚ್ಛಿಕವಾಗಿ ಎತ್ತಿ. ಅದು 1,060 ಅಥವಾ ಕಡಿಮೆ ಬಂದರೆ ಆ ಜಾಗದ ಹಳೇ ಚೀಟಿ ಹೊರಗೆ, ಹೊಸದು ಒಳಗೆ. ಇಲ್ಲವಾದರೆ ಹೊಸದು ಬಿಡಿ. ಪೆಟ್ಟಿಗೆಗಳು ಯಾವಾಗ ನಿಂತರೂ ಬಂದ ಪ್ರತಿ ಚೀಟಿಗೂ ಸಮಾನ ಅವಕಾಶ ಸಿಕ್ಕಿರುತ್ತದೆ. ಸಂಖ್ಯೆ ಎತ್ತುವ ಕೆಲಸ ಮೊದಲು, ಓದುವುದು ಪೆಟ್ಟಿಗೆ ಎಲ್ಲ ಬಂದ ಮೇಲೆ. ಇಲ್ಲದಿದ್ದರೆ ಓದಿದ ಚೀಟಿ ಹೊರಗೆ ಹೋಗುತ್ತದೆ.

ಸಂಖ್ಯೆಮೇಷ್ಟ್ರು
ಓದುತ್ತಾ ಮಧ್ಯೆ ಮಧ್ಯೆ ಉತ್ತರ ನೋಡಿ, ಬೇಕಾದ ಸಂಖ್ಯೆ ಬಂದಾಗ ನಿಲ್ಲಿಸಬೇಡಿ. ಈ ಮಿತಿ ಮೊದಲೇ ನಿಗದಿ ಮಾಡಿದ ಎಣಿಕೆಗೆ ಮಾತ್ರ. 1,060 ಅಂದರೆ 1,060 ಮುಗಿಸಿಯೇ ಕೂಡಿಸಿ.

ಇನ್ನೊಂದು, ಇದೇ ಓದಿನಲ್ಲಿ ಉಚಿತವಾಗಿ ಸಿಗುವಂಥದ್ದು. ಔಟ್‌ಟರ್ನ್ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. ಮಧ್ಯದ ಅಂಕಿ ತಗೊಳ್ಳಿ. ಅದು ನಿಜವಾದ ರಾಶಿಯಲ್ಲಿ ನೂರಕ್ಕೆ 45ನೇ ಮತ್ತು 55ನೇ ಸ್ಥಾನದ ನಡುವೆ ಎಲ್ಲೋ ಇರುತ್ತದೆ. ಮಧ್ಯದ್ದು ಮಾತ್ರವಲ್ಲ, ಕೆಳಗಿನ ಕಾಲು ಪಾಲು, ಮೇಲಿನ ಕಾಲು ಪಾಲು, ಎಲ್ಲ ಸ್ಥಾನಕ್ಕೂ ಒಂದೇ ಏಟಿಗೆ ಅದೇ 5ರ ಮಿತಿ. ಡ್ವೊರೆಟ್ಸ್ಕಿ, ಕೀಫರ್, ವೊಲ್ಫೊವಿಟ್ಸ್ 1956ರಲ್ಲಿ ತೋರಿಸಿದರು, 1990ರಲ್ಲಿ ಮಸ್ಸಾರ್ ಅದನ್ನು ಬಿಗಿ ಮಾಡಿದರು. ಸೂತ್ರ ಹೋಫ್ಡಿಂಗ್‌ದೇ ತರ, ಬೇಕಾಗುವ ಎಣಿಕೆಯೂ ಅದೇ. ಇಲ್ಲಿ ಹರವಿನ ತೊಂದರೆಯೂ ಇಲ್ಲ, ಯಾಕೆಂದರೆ ಮಾತು ಸ್ಥಾನದ್ದು, ಕೆಜಿಯದ್ದಲ್ಲ. ಆದರೆ ಇದು ಎರಡನೇ ಪ್ರಶ್ನೆ. ತೇವದ ಉತ್ತರದ ಜೊತೆ ಸೇರಿಸಿ ಒಟ್ಟು ಶೇ. 95 ಅಂತ ಹೇಳಬೇಕಾದರೆ ಅಪಾಯವನ್ನು ಇನ್ನೂ ಅರ್ಧ ಮಾಡಿ. ತಾಲ್ಲೂಕಿಗೆ 1,199 ಚೀಟಿ ಆಗುತ್ತದೆ.

ಕಣದಲೆಕ್ಕ
ಎಲ್ಲರಿಗೂ ತುಂಬಾ ಧನ್ಯವಾದ. ಹಾಗಾದರೆ ತಾಲ್ಲೂಕಿಗೆ 1,200 ಅಂತ ಇಟ್ಟುಕೊಳ್ಳುತ್ತೇವೆ, ಒಟ್ಟು 6,000. ಪ್ರಶ್ನೆ ಎರಡೇ: ತೇವದ ಕಡಿತ ಇತ್ತಾ ಇಲ್ಲವಾ, ಔಟ್‌ಟರ್ನ್ ಎಷ್ಟು. ಕೆಂಪು ರಟ್ಟಿನ ಪುಸ್ತಕಗಳು ಮಾದರಿಗೆ ಸೇರಲ್ಲ, ಅವನ್ನು ಪೂರ್ತಿ ಓದುತ್ತೇವೆ. ಬೀಜ ಸಂಖ್ಯೆ ಎಲ್ಲರೆದುರು. ಪ್ರತಿ ಚೀಟಿ ಇಬ್ಬರು ಓದಬೇಕು. ಓದಲಾಗದ್ದಕ್ಕೆ ಬೇರೆ ಕಾಲಂ. ದೊಡ್ಡಪ್ಪನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. 'ಎಲ್ಲರೆದುರು ಎತ್ತುವುದಾದರೆ ನಾನೂ ಒಂದು ಅಂಕಿ ಎತ್ತುತ್ತೇನೆ' ಅಂದರು. ಈಗ ಬೇಕಾಗಿರುವುದು ಹಳೇ ಕೈಬರಹ ಓದಲು ಬರುವವರು. ಯಾರಾದರೂ ಬರುತ್ತೀರಾ?

ನೆರಳುಮರ
ಸ್ಕ್ಯಾನ್ ಕಳಿಸಿದರೆ ರಾತ್ರಿ ಕೂತು ಓದುತ್ತೇನೆ. ನೆಟ್‌ವರ್ಕ್ ಇದ್ದ ದಿನ.

ಹಳೇರೈಟರ್
ನಾನು ಬರುತ್ತೇನೆ ಮಗಳೇ. ರೈಟರುಗಳ 1, 7 ಬೇರೆ ಮಾಡಿ ಓದುವುದು ನನಗೆ ಬರುತ್ತದೆ. ಔಟ್‌ಟರ್ನ್ ಕಾಲಂನಲ್ಲಿ ಕೆಲವರು ಚುಕ್ಕಿ ಬಿಟ್ಟು ಬರೆಯುತ್ತಿದ್ದರು, 255 ಅಂದರೆ 25.5. ಅದನ್ನು ಮಕ್ಕಳಿಗೆ ಮೊದಲೇ ಹೇಳಿಡು. ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳಿ, ಉಳಿದ ದಿನ ನಮ್ಮಲ್ಲಿ ರೋಬಸ್ಟಾ ಕೊಯ್ಲು ನಡೀತಿದೆ.